ಸೌಟುಕೊಕ್ಕಿನ ಅತಿಥಿಗಾಗಿ ಕೋಡಿಕ್ಕರೆಯಲ್ಲಿ ಒಂದು ಬೆಳಗು

ಅಕ್ಕಿ ಆರಿಸುವಾಗ ಕಲ್ಲು ಕಣ್ಣಿಗೆ ಹೇಗೆ ಬೀಳುತ್ತದೆ, ಯಾವತ್ತಾದರೂ ಯೋಚಿಸಿದ್ದೀರಾ? ಮೊರದ ತುಂಬ ಬಿಳಿ ಕಾಳು. ಅದರ ನಡುವೆ ಅದೇ ಬಣ್ಣದ, ಅದೇ ಗಾತ್ರದ ಒಂದು ಹರಳು. ಹೊಸದಾಗಿ ಅಡುಗೆಮನೆಗೆ ಕಾಲಿಟ್ಟ ಹುಡುಗಿಗೆ ಅದು ಕಾಣುವುದೇ ಇಲ್ಲ. ಮೂವತ್ತು ವರ್ಷ ಅಕ್ಕಿ ಆರಿಸಿದವರ ಬೆರಳು ಮಾತ್ರ ನೆಟ್ಟಗೆ ಅಲ್ಲಿಗೇ ಹೋಗುತ್ತದೆ. ಹೇಗೆ ಎಂದು ಕೇಳಿದರೆ ಅವರಿಗೂ ಹೇಳಲು ಬರುವುದಿಲ್ಲ, "ಅದೇನೋ ಬೇರೆ ಥರ ಕಾಣತ್ತಮ್ಮ" ಅನ್ನುತ್ತಾರೆ.

ಅಪರೂಪದ ಹಕ್ಕಿಯನ್ನು ಕಾಣುವುದೂ ಹೆಚ್ಚುಕಡಿಮೆ ಹೀಗೆಯೇ ಎಂದು ನನಗೆ ತಿಳಿದದ್ದು ತಮಿಳುನಾಡಿನ ಕೋಡಿಕ್ಕರೆಯಲ್ಲಿ, ಒಂದು ಕೆಸರುಬಯಲಿನ ಅಂಚಿನಲ್ಲಿ ನಿಂತಾಗ.

ನಾವು ಅಲ್ಲಿಗೆ ಹೋದದ್ದು ಹಕ್ಕಿ ನೋಡಲಿಕ್ಕೆ ಖಂಡಿತ ಅಲ್ಲ. ಕುಂಭಕೋಣದ ಸುತ್ತಮುತ್ತಲಿನ ನವಗ್ರಹ ದೇವಸ್ಥಾನಗಳಿಗೆ ಹೋಗಿಬರಬೇಕೆಂದು ನಮ್ಮತ್ತೆಯವರು ಬಹಳ ದಿನದಿಂದ ಹೇಳುತ್ತಿದ್ದರು. ಎಲ್ಲ ಮುಗಿದು ತಿರುನಳ್ಳಾರಿನ ಶನೀಶ್ವರನ ದರ್ಶನವೂ ಆಯಿತು. ಅಲ್ಲಿ ಸಿಕ್ಕಿದ ಒಬ್ಬ ಹಿರಿಯರು, "ಇಷ್ಟು ದೂರ ಬಂದಿದ್ದೀರಿ, ನಾಡಿದ್ದು ಅಮಾವಾಸ್ಯೆ ಬೇರೆ, ಕೋಡಿಕ್ಕರೆಯಲ್ಲಿ ಸಮುದ್ರಸ್ನಾನ ಮಾಡಿಕೊಂಡೇ ಹೋಗಿ" ಅಂದುಬಿಟ್ಟರು. ತಮಿಳರ ತೈ ತಿಂಗಳ ಅಮಾವಾಸ್ಯೆಗೂ ಆಡಿ ತಿಂಗಳ ಅಮಾವಾಸ್ಯೆಗೂ ಅಲ್ಲಿ ಸ್ನಾನಕ್ಕೆ ಜನ ಸೇರುತ್ತಾರೆ. ಅತ್ತೆ ಒಮ್ಮೆ ಮನಸ್ಸು ಮಾಡಿದ ಮೇಲೆ ಮುಗಿಯಿತು. ನಮ್ಮ ಯಜಮಾನರು ರಜೆ ಇನ್ನೆರಡು ದಿನ ಮುಂದಕ್ಕೆ ಹಾಕಿಸಿದರು.

ಭೂಪಟದಲ್ಲಿ ಚೆನ್ನೈಯಿಂದ ಕರಾವಳಿಯ ಮೇಲೆ ಬೆರಳಿಟ್ಟು ಕೆಳಕ್ಕೆ ಬನ್ನಿ. ನಾಗಪಟ್ಟಣ ದಾಟಿ ಸ್ವಲ್ಪ ದೂರ ಬಂದರೆ ತೀರವು ಮೊಣಕೈ ಮಡಿಸಿದ ಹಾಗೆ ಥಟ್ಟನೆ ಪಶ್ಚಿಮಕ್ಕೆ ತಿರುಗುತ್ತದೆ. ಆ ಮೊಣಕೈಯ ತುದಿಯೇ ಕೋಡಿಕ್ಕರೆ. ಇಂಗ್ಲಿಷಿನವರು ಅದನ್ನು ಪಾಯಿಂಟ್ ಕ್ಯಾಲಿಮಿಯರ್ ಎಂದರು. ತಮಿಳಿನಲ್ಲಿ ಕೋಡಿ ಎಂದರೆ ತುದಿ, ಕರೈ ಎಂದರೆ ದಡ. ಕುಂದಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅವರ ಊರಿನ ಮಗ್ಗುಲಲ್ಲೇ ಒಂದು ಕೋಡಿ ಇದೆಯಲ್ಲ. ಇಲ್ಲಿ ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಪಾಕ್ ಜಲಸಂಧಿ. ಅದರಾಚೆ ಶ್ರೀಲಂಕಾ. ಹತ್ತಿರದ ದೊಡ್ಡ ಊರು ವೇದಾರಣ್ಯಂ, ಅಲ್ಲಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ.

ಕಾಡು ಎಂದರೆ ನಮ್ಮ ಮಲೆನಾಡಿನ ಹಾಗೆ ದೊಡ್ಡ ಮರಗಳ ಕಾಡಲ್ಲ. ಮಳೆ ಕಡಿಮೆಯಾದರೂ ಎಲೆ ಉದುರಿಸದ ಗಿಡ್ಡ ಮರಗಳು, ಮುಳ್ಳು ಪೊದೆಗಳು, ನಡುನಡುವೆ ಹುಲ್ಲುಬಯಲು. ಆ ಬಯಲಲ್ಲಿ ಕೃಷ್ಣಮೃಗಗಳ ಹಿಂಡು, ಯಾವ ಕಾಲದಲ್ಲೋ ಸಾಕಿದವರ ಕೈತಪ್ಪಿ ಕಾಡುಬಿದ್ದ ಕುದುರೆಗಳ ಹಿಂಡು. 1967ರಲ್ಲಿ ಇದನ್ನು ಅಭಯಾರಣ್ಯವೆಂದು ಘೋಷಿಸಿದರು. ಪ್ರಪಂಚದ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ 2002ರಲ್ಲಿ ಸೇರಿತು. ಒಳಗೆ ಒಂದು ಪುಟ್ಟ ದಿಬ್ಬವಿದೆ. ಶ್ರೀರಾಮ ಅಲ್ಲಿ ನಿಂತು ಲಂಕೆಯ ಕಡೆ ನೋಡಿದನಂತೆ, ಅದಕ್ಕೇ ಕಲ್ಲಿನ ಪಾದಗಳಿವೆ. ನಾಲ್ಕು ಮೀಟರೂ ಮೀರದ ಆ ದಿಬ್ಬವೇ ಸುತ್ತಲಿನ ಅತಿ ಎತ್ತರದ ಜಾಗ ಎಂದರೆ ಉಳಿದ ನೆಲ ಎಷ್ಟು ಚಪ್ಪಟೆ ಎಂದು ನೀವೇ ಊಹಿಸಿಕೊಳ್ಳಿ!

ನೆಲ ಹಾಗೆ ಚಪ್ಪಟೆಯಾಗಿರುವುದೇ ಹಕ್ಕಿಗಳ ಭಾಗ್ಯ.

ಕೆಸರೇ ಅಡುಗೆಮನೆ

ಸ್ನಾನ, ಪಾದದರ್ಶನ ಎಲ್ಲ ಆದ ಮೇಲೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಕಾವಲುಗಾರರೊಬ್ಬರ ಜೊತೆ ಜೌಗಿನ ಕಡೆ ಹೊರಟೆವು. ವೇದಾರಣ್ಯದ ಮಹಾಜೌಗು ಎಂದೇ ಅದರ ಹೆಸರು. ಸಮುದ್ರದ ನೀರು, ಮಳೆಯ ನೀರು, ಕಾವೇರಿಯ ಕಾಲುವೆಗಳ ಕೊನೆಯ ನೀರು ಎಲ್ಲ ಬಂದು ನಿಂತು ಇಂಗುವ ಬಯಲು. ಕಣ್ಣು ಹಾಯಿಸಿದಷ್ಟು ದೂರ ಬೂದು ಕೆಸರು, ತೆಳ್ಳಗೆ ಹೊಳೆಯುವ ನೀರು. "ಇದನ್ನು ನೋಡೋಕಾ ಇಷ್ಟು ದೂರ ನಡೆಸಿದ್ದು?" ಎಂದು ಅತ್ತೆ ಗೊಣಗಿದರು. ನನಗೂ ಒಳಗೊಳಗೇ ಹಾಗೇ ಅನ್ನಿಸಿತ್ತು.

ಆಮೇಲೆ ದೂರದಲ್ಲಿ ಒಂದು ತೆಳು ಗುಲಾಬಿ ಗೆರೆ ಕಾಣಿಸಿತು. ಯಾರೋ ಸೀರೆ ಒಣಗಹಾಕಿದ್ದಾರೆ ಅಂದುಕೊಂಡೆ. ಕಾವಲುಗಾರರು ದುರ್ಬೀನು ಕೊಟ್ಟರು. ರಾಜಹಂಸಗಳು! ಒಂದೇ ಸಾಲಿನಲ್ಲಿ ನೂರಾರು. ಉದ್ದ ಕಾಲು, ಉದ್ದ ಕೊರಳು, ತಲೆಯನ್ನು ತಲೆಕೆಳಗು ಮಾಡಿ ನೀರಿಗಿಟ್ಟು ನಡೆಯುತ್ತಿದ್ದವು. ಅವುಗಳ ಕೊಕ್ಕು ಮಧ್ಯದಲ್ಲಿ ಬಾಗಿರುತ್ತದೆ, ಒಳಗೆ ಜರಡಿಯಂಥ ಅಂಚು. ಬಾಯಿಗೆ ಕೆಸರುನೀರು ತುಂಬಿಕೊಂಡು, ನಾಲಿಗೆಯಿಂದ ಒತ್ತಿ ನೀರನ್ನು ಹೊರಗೆ ತಳ್ಳಿ, ಸಣ್ಣ ಜೀವಿಗಳನ್ನು ಒಳಗೆ ಉಳಿಸಿಕೊಳ್ಳುತ್ತವೆ. ನಾವು ಹಿಟ್ಟು ಜರಡಿ ಹಿಡಿದಂತೆಯೇ, ಕ್ರಮ ಮಾತ್ರ ತಿರುವುಮುರುವು. ಅವುಗಳ ಗುಲಾಬಿ ಬಣ್ಣವೂ ಈ ಊಟದ್ದೇ. ಮರಿಗಳು ಹುಟ್ಟುವಾಗ ಬೂದು ಬಣ್ಣ. ಇನ್ನೊಂದು ಸ್ವಾರಸ್ಯ: ಈ ಹಕ್ಕಿಗಳಲ್ಲಿ ತಂದೆತಾಯಿ ಇಬ್ಬರೂ ಗಂಟಲಿನಲ್ಲಿ ಒಂದು ಬಗೆಯ ಕೆಂಪು ಹಾಲು ಸ್ರವಿಸಿ ಮರಿಗೆ ಕುಡಿಸುತ್ತವೆ. ಇದನ್ನು ಕೇಳಿ ಅತ್ತೆ ನಮ್ಮ ಯಜಮಾನರ ಕಡೆ ತಿರುಗಿ ನೋಡಿದ ನೋಟವನ್ನು ಇಲ್ಲಿ ಬರೆಯುವಂತಿಲ್ಲ!

ಆದರೆ ಕಾವಲುಗಾರರ ಗಮನ ರಾಜಹಂಸದ ಮೇಲೆ ಇರಲೇ ಇಲ್ಲ. ಅವರು ನಮ್ಮ ಹತ್ತಿರದ ಕೆಸರನ್ನು ತೋರಿಸಿದರು. ಅಲ್ಲಿ ಏನೂ ಇಲ್ಲ ಎಂದು ನಾನು ಅಂದುಕೊಂಡ ಜಾಗ, ನೋಡನೋಡುತ್ತ ಅಲುಗಾಡತೊಡಗಿತು. ಗುಬ್ಬಚ್ಚಿಯಷ್ಟೇ ಗಾತ್ರದ, ಬೂದು ಬೆನ್ನಿನ, ಬಿಳಿ ಹೊಟ್ಟೆಯ ಹಕ್ಕಿಗಳು. ಹತ್ತಲ್ಲ, ನೂರಲ್ಲ. ಕೆಸರೇ ಎದ್ದು ಓಡಾಡುತ್ತಿದೆ ಅನ್ನುವ ಹಾಗೆ! ಹೊಲಿಗೆ ಯಂತ್ರದ ಸೂಜಿಯಂತೆ ಕೊಕ್ಕು ಟಕಟಕನೆ ಕೆಸರು ಚುಚ್ಚುತ್ತಿತ್ತು. ಇವು ಸ್ಟಿಂಟ್ ಎಂಬ ಜಾತಿ, ಉತ್ತರ ಧ್ರುವದ ಹತ್ತಿರದ ಸೈಬೀರಿಯದ ಬಯಲುಗಳಲ್ಲಿ ಮರಿಮಾಡಿ, ಅಲ್ಲಿ ಹಿಮ ಬೀಳುವ ಮೊದಲೇ ನಮ್ಮ ಕಡೆ ಹಾರಿಬರುತ್ತವೆ.

ಇಷ್ಟೊಂದು ಜೀವಗಳಿಗೆ ಒಂದೇ ಕೆಸರಿನಲ್ಲಿ ಊಟ ಹೇಗೆ ಸಾಕಾಗುತ್ತದೆ? ಕೊಕ್ಕುಗಳನ್ನು ಗಮನಿಸಿದರೆ ಗೊತ್ತಾಗುತ್ತದೆ. ಗಿಡ್ಡ ಕೊಕ್ಕಿನವಕ್ಕೆ ಮೇಲ್ಪದರದ ಹುಳು. ಮಧ್ಯಮ ಕೊಕ್ಕಿಗೆ ಒಂದೆರಡು ಅಂಗುಲ ಕೆಳಗಿನದು. ಕರ್ಲ್ಯೂ ಎಂಬ ದೊಡ್ಡ ಹಕ್ಕಿಗೆ ಕುಡುಗೋಲಿನಂತೆ ಬಾಗಿದ ಉದ್ದ ಕೊಕ್ಕು, ಅದು ಬಿಲದೊಳಗಿನ ಏಡಿಯನ್ನೇ ಎಳೆಯುತ್ತದೆ. ಒಂದೇ ಮನೆಯಲ್ಲಿ ಒಬ್ಬರಿಗೆ ಮೊಸರಿನ ಕೆನೆ, ಇನ್ನೊಬ್ಬರಿಗೆ ತಳದ ಸೀಕು ಇಷ್ಟವಾದರೆ ಜಗಳವೇ ಇಲ್ಲವಲ್ಲ, ಹಾಗೆ.

ಸೌಟು ಹೊತ್ತು ಬಂದವನು

"ಈ ಗುಂಪಿನಲ್ಲಿ ಹುಡುಕಿ. ಸೌಟಿನ ಮೂತಿಯವನು ಹಿಂದೆ ಇಲ್ಲಿ ಸಿಗುತ್ತಿದ್ದ" ಎಂದರು ಕಾವಲುಗಾರರು. ನನ್ನ ಅರೆಬರೆ ತಮಿಳಿಗೆ ಅರ್ಥವಾದದ್ದು ಅಷ್ಟು.

ಸ್ಪೂನ್‌ಬಿಲ್ಡ್ ಸ್ಯಾಂಡ್‌ಪೈಪರ್ ಎಂಬುದು ಆ ಹಕ್ಕಿಯ ಇಂಗ್ಲಿಷ್ ಹೆಸರು. ನಮ್ಮ ಕೆರೆಗಳಲ್ಲಿ ಕಾಣುವ ಬಿಳಿಯ, ಎತ್ತರದ ಚಮಚಕೊಕ್ಕಿನ ಹಕ್ಕಿ ಬೇರೆ. ಇದು ಒಂದು ಗುಬ್ಬಿಯಷ್ಟು, ತೂಕ ಸುಮಾರು 30 ಗ್ರಾಂ. ನಿಂಬೆಹಣ್ಣೊಂದನ್ನು ಅಂಗೈಯಲ್ಲಿಟ್ಟುಕೊಂಡರೆ ಅಂದಾಜು ಸಿಗುತ್ತದೆ. ಅದರ ಪುಟ್ಟ ಕರಿಯ ಕೊಕ್ಕಿನ ತುದಿ ತುಪ್ಪ ಬಡಿಸುವ ಮಿಳ್ಳೆಯ ಪಕ್ಕದ ಚಿಕ್ಕ ಚಮಚದಂತೆ ಅಗಲವಾಗಿ ಚಪ್ಪಟೆಯಾಗಿರುತ್ತದೆ. ದೊಡ್ಡದಾದ ಮೇಲೆ ಬೆಳೆಯುವ ಆಕಾರವೂ ಅಲ್ಲ ಅದು, ಮೊಟ್ಟೆಯೊಡೆದು ಬರುವ ಮರಿಯ ಮೂತಿಯಲ್ಲೇ ಆ ಸೌಟು ಇರುತ್ತದೆ.

ರಷ್ಯಾದ ಈಶಾನ್ಯ ಮೂಲೆಯ ಚುಕೋಟ್ಕಾ ಮತ್ತು ಅದರ ಕೆಳಗಿನ ಕಮ್ಚಾಟ್ಕಾದ ಉತ್ತರದ ಕರಾವಳಿ ಬಿಟ್ಟರೆ ಈ ಹಕ್ಕಿ ಇನ್ನೆಲ್ಲೂ ಮೊಟ್ಟೆಯಿಡುವುದಿಲ್ಲ. ಬೇಸಿಗೆಯಲ್ಲಿ ಅಲ್ಲಿ ಹಿಮ ಕರಗಿ ಪಾಚಿ, ಹುಲ್ಲು ಕಾಣಿಸಿಕೊಂಡಾಗ ನೆಲದ ಮೇಲೆ ಸಣ್ಣ ಗುಳಿ ಮಾಡಿ ನಾಲ್ಕು ಮೊಟ್ಟೆ. ಕಾವು ಕೊಡುವ ಕೆಲಸ ಇಬ್ಬರದು. ಮರಿ ಹೊರಬಂದ ಕೆಲವೇ ದಿನಗಳಲ್ಲಿ ತಾಯಿ ದಕ್ಷಿಣಕ್ಕೆ ಹೊರಟುಬಿಡುತ್ತದೆ, ಮರಿಗಳ ಪೂರಾ ಜವಾಬ್ದಾರಿ ಅಪ್ಪನದು. ಆಮೇಲೆ ಅಪ್ಪನೂ ಹೋಗುತ್ತದೆ. ದಾರಿ ತೋರಿಸುವವರು ಯಾರೂ ಇಲ್ಲದೆ, ಒಂದೆರಡು ತಿಂಗಳ ಮರಿಗಳು ತಾವೇ ಹೊರಟು ಜಪಾನ್, ಕೊರಿಯಾ, ಚೀನಾದ ತೀರ ಹಿಡಿದು, 8,000 ಕಿ.ಮೀ.ಗೂ ಹೆಚ್ಚು ಹಾರಿ ಥಾಯ್ಲೆಂಡ್, ಮ್ಯಾನ್ಮಾರ್, ಬಾಂಗ್ಲಾದೇಶದ ಕೆಸರು ತೀರಗಳಿಗೆ ಬಂದು ಸೇರುತ್ತವೆ. ಅಲ್ಲಿಂದಲೂ ಮುಂದೆ ಬಂದ ಕೆಲವಕ್ಕೆ ಕೋಡಿಕ್ಕರೆಯೇ ಚಳಿಗಾಲದ ಬಿಡಾರವಾಗಿತ್ತು.

ಗುರುತಿಸುವುದು ಹೇಗೆ? ಕಷ್ಟ ಇರುವುದೇ ಇಲ್ಲಿ. ಪಕ್ಕದಿಂದ ನೋಡಿದರೆ ಸೌಟು ಕಾಣುವುದೇ ಇಲ್ಲ, ಚಪ್ಪಟೆ ಚಮಚವನ್ನು ಅಂಚಿನ ಕಡೆಯಿಂದ ನೋಡಿದ ಹಾಗೆ ಒಂದು ಗೆರೆಯಷ್ಟೇ. ಚಳಿಗಾಲದಲ್ಲಿ ಅದರ ಕೆಂಗಂದು ಬಣ್ಣವೂ ಹೋಗಿ, ಸ್ಟಿಂಟ್‌ಗಳಂತೆಯೇ ಬೂದುಬಿಳಿ ಸೀರೆ ಉಟ್ಟುಕೊಂಡಿರುತ್ತದೆ. ಬಲ್ಲವರು ಊಟದ ರೀತಿ ನೋಡುತ್ತಾರಂತೆ. ಉಳಿದವು ಟಕಟಕ ಕುಟ್ಟುತ್ತವೆ. ಇದು ಕೊಕ್ಕನ್ನು ನೀರಿಗೆ ಇಳಿಬಿಟ್ಟು, ತಲೆಯನ್ನು ಅತ್ತಿತ್ತ ಆಡಿಸುತ್ತ, ಹಿತ್ತಲು ಗುಡಿಸಿದಂತೆ ಸಾಗುತ್ತದೆ.

ನಾನು ಅರ್ಧ ಗಂಟೆ ನೋಡಿದೆ. ಕಣ್ಣಲ್ಲಿ ನೀರು ಬಂತು, ಎಲ್ಲವೂ ಒಂದೇ ಥರ. ಆಗ ಅತ್ತೆ, ಅದುವರೆಗೆ ದುರ್ಬೀನನ್ನು ಮುಟ್ಟದೇ ಇದ್ದವರು, "ಅಲ್ನೋಡೇ, ಆ ಕಪ್ಪು ಕಲ್ಲಿನ ಹತ್ತಿರ ಒಂದು ಬೇರೆ ಕಣೇ. ಅದರ ನಡಿಗೆನೇ ಬೇರೆ" ಅಂದರು. ನನ್ನೆದೆ ಡವಗುಟ್ಟಿತು. ಕಾವಲುಗಾರರು ದುರ್ಬೀನು ಕಸಿದುಕೊಂಡಂತೆ ತೆಗೆದುಕೊಂಡು ನೋಡಿದರು. ನಕ್ಕರು. ಅದು ಟರ್ನ್‌ಸ್ಟೋನ್. ಕಿತ್ತಳೆ ಕಾಲಿನ, ಗಿಡ್ಡ ಕೊಕ್ಕಿನ ಹಕ್ಕಿ, ಕಲ್ಲು ಚಿಪ್ಪುಗಳನ್ನು ಮಗುಚಿಹಾಕಿ ಕೆಳಗಿರುವ ಹುಳು ತಿನ್ನುತ್ತದೆ. ಅದೂ ದೂರದ ಉತ್ತರದಿಂದ ಬಂದದ್ದೇ, ಆದರೆ ಅಪರೂಪವೇನಲ್ಲ. "ಅಮ್ಮನ ಕಣ್ಣು ಒಳ್ಳೇ ಕಣ್ಣು. ಸಾವಿರದಲ್ಲಿ ಒಂದು ಬೇರೆ ಅಂತ ಕಂಡಿತಲ್ಲ" ಎಂದರು ಕಾವಲುಗಾರರು. ಎರಡೂ ಕಣ್ಣಿಗೆ ಪೊರೆ ತೆಗೆಸಿಕೊಂಡಿರುವ ಅತ್ತೆ ಆ ಮಾತನ್ನು ಊರಿಗೆ ಬಂದ ಮೇಲೆ ಎಷ್ಟು ಜನರಿಗೆ ಹೇಳಿದ್ದಾರೋ ಲೆಕ್ಕವಿಲ್ಲ.

ಸೌಟುಕೊಕ್ಕಿನವನು ಮಾತ್ರ ನಮಗೆ ಸಿಗಲಿಲ್ಲ.

ಕಾಲಿಗೊಂದು ಉಂಗುರ

ಕೋಡಿಕ್ಕರೆಯಲ್ಲಿ ಆ ಹಕ್ಕಿ ಇತ್ತೆಂದು ನಮಗೆ ಗಟ್ಟಿಯಾಗಿ ಗೊತ್ತಿರುವುದು ಅಲ್ಲಿ ವರ್ಷಗಟ್ಟಲೆ ಬಿಡಾರ ಹೂಡಿ ಸಾಮಾನ್ಯ ಹಕ್ಕಿಗಳನ್ನೇ ಹಿಡಿದು ಅಳೆದು ಬಿಟ್ಟ ಜನರಿಂದ. ಈ ಕೆಲಸದ ಬೇರು ಹುಡುಕುತ್ತ ಹೋದರೆ, ನೀವು ನಂಬಲಿಕ್ಕಿಲ್ಲ, ನಮ್ಮ ಶಿವಮೊಗ್ಗ ಜಿಲ್ಲೆಗೆ ಬಂದು ನಿಲ್ಲುತ್ತೇವೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲ ಹಳ್ಳಿಗಳ ಜನ ವಿಪರೀತ ಜ್ವರದಿಂದ ಹಾಸಿಗೆ ಹಿಡಿದರು. ಮಲೆನಾಡಿನ ಮನೆಗಳಲ್ಲಿ ಮಂಗನ ಕಾಯಿಲೆ ಎಂದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ಉಣುಗಿನಿಂದ ಹರಡುವ ಈ ಕಾಯಿಲೆಯ ವೈರಸ್ಸು ರಷ್ಯಾದಲ್ಲಿ ಕಾಣಿಸಿಕೊಳ್ಳುವ ಒಂದು ಮೆದುಳುಜ್ವರದ ವೈರಸ್ಸಿಗೆ ಹತ್ತಿರದ ನೆಂಟ ಎಂದು ಪತ್ತೆಯಾಯಿತು. ಹಾಗಾದರೆ ಉತ್ತರದಿಂದ ಬರುವ ವಲಸೆ ಹಕ್ಕಿಗಳ ಮೈಮೇಲಿನ ಉಣುಗು ಇದನ್ನು ಹೊತ್ತು ತಂದಿತೇ? ಯಾವ ಹಕ್ಕಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದೇ ತಿಳಿಯದೆ ಉತ್ತರ ಹೇಳುವುದು ಹೇಗೆ! ವಿಶ್ವ ಆರೋಗ್ಯ ಸಂಸ್ಥೆಯ ಹಣಸಹಾಯದಿಂದ 1959ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಡಾ. ಸಲೀಂ ಅಲಿಯವರ ಮುಂದಾಳತ್ವದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಆರಂಭಿಸಿತು. ಕಾಯಿಲೆಯನ್ನು ಹಕ್ಕಿಗಳೇ ತಂದವೆನ್ನಲು ಆಧಾರ ಸಿಗಲಿಲ್ಲ. ಆದರೆ ಆ ನೆಪದಲ್ಲಿ ಹಕ್ಕಿಗಳ ದಾರಿ ತಿಳಿಯುವ ಅಭ್ಯಾಸ ಈ ದೇಶದಲ್ಲಿ ಬೇರೂರಿತು. ಮುಂದೆ ಕೋಡಿಕ್ಕರೆ ಅದರ ಒಂದು ಮುಖ್ಯ ಕೇಂದ್ರವಾಯಿತು.

ಹಿಡಿಯುವವರು ಯಾರು ಗೊತ್ತೇ? ಬಿಹಾರದ ಮೀರ್‌ಶಿಕಾರ್ ಎಂಬ ಸಮುದಾಯದವರು, ತಲೆತಲಾಂತರದಿಂದ ಹಕ್ಕಿ ಹಿಡಿದು ಮಾರುತ್ತಿದ್ದವರು. ಅವರಲ್ಲಿ ಅಲಿ ಹುಸೇನ್ ಎಂಬವರು ಬಹಳ ಹೆಸರಾದರು. ರೆಕ್ಕೆಯ ಒಂದು ಗರಿಯೂ ಮುರಿಯದಂತೆ ಬಲೆಯಿಂದ ಹಕ್ಕಿ ಬಿಡಿಸುವ ಕೈಚಳಕ ವಿಜ್ಞಾನಿಗಳಿಗೆ ಎಲ್ಲಿಂದ ಬರಬೇಕು? ಅದು ಇವರಿಂದಲೇ ಆಗಬೇಕು. ಹಿಡಿದ ಹಕ್ಕಿಯನ್ನು ತೂಗಿ, ಕೊಕ್ಕು, ರೆಕ್ಕೆ ಅಳೆದು, ಕಾಲಿಗೆ ಹಗುರವಾದ ಲೋಹದ ಉಂಗುರ ತೊಡಿಸಿ, ಸಂಖ್ಯೆ ಬರೆದುಕೊಂಡು ಹಾರಿಬಿಡುತ್ತಾರೆ. ಉಂಗುರದ ಮೇಲೆ ಬಾಂಬೆ ಸೊಸೈಟಿಗೆ ತಿಳಿಸಿ ಎಂಬರ್ಥದ ಇಂಗ್ಲಿಷ್ ಅಕ್ಷರಗಳಿರುತ್ತವೆ. ನಿಮ್ಮೂರಿನ ಕೆರೆಯ ದಂಡೆಯಲ್ಲೋ ಗದ್ದೆಯಲ್ಲೋ ಸತ್ತ ಹಕ್ಕಿಯ ಕಾಲಲ್ಲಿ ಇಂಥ ಉಂಗುರ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನೂ ದೂರವಿಡಿ. ಆದರೆ ಅದರ ಮೇಲಿನ ಸಂಖ್ಯೆ ಬರೆದುಕೊಂಡು ಹತ್ತಿರದ ಅರಣ್ಯ ಕಚೇರಿಗೆ ಹೇಳಿ. ಆ ಒಂದು ಸಂಖ್ಯೆಗಾಗಿ ಎಲ್ಲೋ ಯಾರೋ ವರ್ಷಗಟ್ಟಲೆ ಕಾದಿರುತ್ತಾರೆ.

1980ರ ದಶಕದಲ್ಲಿ ಕೋಡಿಕ್ಕರೆಯಲ್ಲಿ ಹೀಗೆ ದುಡಿಯುತ್ತಿದ್ದವರಲ್ಲಿ ಡಾ. ಆರ್. ಸುಗತನ್ ಒಬ್ಬರು. ಬಿಡಾರದವರ ಕಣ್ಣಿಗೆ ಸ್ಟಿಂಟ್‌ಗಳ ನಡುವೆ ಸೌಟುಕೊಕ್ಕಿನ ಹಕ್ಕಿ ಬಿತ್ತು. ಅದು ಅಲ್ಲಿ ಹೇಗೆ ಚಳಿಗಾಲ ಕಳೆಯುತ್ತದೆ ಎಂದು ಸುಗತನ್ ಗಮನಿಸಿ ಬರೆದದ್ದು 1985ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಾವಿರಾರು ಸಾಮಾನ್ಯ ಹಕ್ಕಿಗಳನ್ನು ಬೇಸರಿಸದೆ ನೋಡಿದ್ದರಿಂದ ಅಪರೂಪದ ಒಂದು ದಕ್ಕಿತು.

ದಾರಿಯ ಛತ್ರಗಳು ಮುಚ್ಚಿದರೆ

ಆಮೇಲೆ ಏನಾಯಿತು? ಆ ಹಕ್ಕಿಯ ಸಂಖ್ಯೆ ಪ್ರಪಂಚದಾದ್ಯಂತ ಕುಸಿಯಿತು. 2010ರ ಹೊತ್ತಿಗೆ ಮರಿಮಾಡುವ ಜೋಡಿಗಳು 120ರಿಂದ 200 ಮಾತ್ರ ಇರಬಹುದೆಂದು ತಜ್ಞರು ಅಂದಾಜು ಮಾಡಿದರು. 2008ರಲ್ಲೇ ಅದನ್ನು ಅಳಿವಿನ ಅಂಚಿನ ಪಟ್ಟಿಯ ಕಟ್ಟಕಡೆಯ ಮೆಟ್ಟಿಲಿಗೆ ಸೇರಿಸಲಾಗಿತ್ತು. ಇಂದಿಗೂ ಭೂಮಿಯ ಮೇಲೆ ಉಳಿದಿರುವುದು ಕೆಲವೇ ನೂರು. ನಮ್ಮ ಕಡೆಯ ಒಂದು ಮದುವೆ ಛತ್ರದಲ್ಲಿ ಒಂದು ಪಂಕ್ತಿಗೆ ಕೂರುವ ಜನ ಅಷ್ಟೇ ಅನ್ನಿ.

ಹೀಗಾಗಲು ಯಾರೋ ಒಬ್ಬ ದುಷ್ಟ ಕಾರಣನಲ್ಲ. ರಷ್ಯಾದಿಂದ ಬರುವ ದಾರಿಯಲ್ಲಿ ಚೀನಾ, ಕೊರಿಯಾ ನಡುವಿನ ಹಳದಿ ಸಮುದ್ರದ ಕೆಸರು ತೀರಗಳೇ ಇವುಗಳ ಛತ್ರಗಳು. ಅಲ್ಲಿ ವಾರಗಟ್ಟಲೆ ತಂಗಿ ತಿಂದು ಮೈ ತುಂಬಿಕೊಂಡೇ ಮುಂದೆ ಹಾರಬೇಕು. ಆ ಕೆಸರು ಮನುಷ್ಯರಿಗೆ ಪಾಳು ಜಾಗವಾಗಿ ಕಂಡಿತು. ದಕ್ಷಿಣ ಕೊರಿಯಾದಲ್ಲಿ 33 ಕಿ.ಮೀ. ಉದ್ದದ ಒಂದು ಗೋಡೆಯನ್ನೇ ಸಮುದ್ರಕ್ಕೆ ಅಡ್ಡ ಕಟ್ಟಿ 2006ರಲ್ಲಿ ಮುಚ್ಚಿದರು. ಅದರ ಹಿಂದಿನ ವಿಶಾಲ ಕೆಸರುಬಯಲು ಒಣಗಿತು. ಬಹುದೂರ ನಡೆದು ಬಂದವರಿಗೆ ಛತ್ರದ ಬಾಗಿಲಿಗೆ ಬೀಗ ಕಂಡಂತೆ! ಇನ್ನೊಂದು ಕಡೆ ಮ್ಯಾನ್ಮಾರಿನ ತೀರದ ಬಡವರು ಊಟಕ್ಕಾಗಿ ಕೆಸರಿನಲ್ಲಿ ಬಲೆ ಹಾಕಿ ಸಿಕ್ಕಿದ ಹಕ್ಕಿ ಹಿಡಿಯುತ್ತಿದ್ದರು. ಅವರನ್ನು ಬೈದರೆ ಏನು ಬಂತು, ಹಸಿದವರಿಗೆ ನಿಂಬೆಗಾತ್ರದ ಹಕ್ಕಿಯೂ ಊಟವೇ. ಅದನ್ನು ಅರಿತ ಕೆಲಸಗಾರರು ಅವರಿಗೆ ಮೀನಿನ ಬಲೆ ಮುಂತಾದ ಬೇರೆ ಕಸುಬಿನ ಸಲಕರಣೆ ಕೊಟ್ಟು, ಹಕ್ಕಿ ಹಿಡಿಯುವುದನ್ನು ಬಿಡಿಸಿದರು. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಹಿಡಿಸಿದ ಭಾಗ ಇದು.

ರಷ್ಯಾದ ಗೂಡಿನ ನೆಲದಲ್ಲಿ 2012ರಿಂದ ಇನ್ನೊಂದು ಉಪಾಯ ಮಾಡಿದರು. ಮೊಟ್ಟೆಗಳನ್ನು ತೆಗೆದು ಕಾವುಪೆಟ್ಟಿಗೆಯಲ್ಲಿ ಮರಿ ಮಾಡಿಸಿ, ನರಿ, ಕಡಲಹಕ್ಕಿಗಳ ಬಾಯಿಗೆ ಬೀಳದಂತೆ ಬಲೆಮನೆಯಲ್ಲಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಡುವುದು. ಬಾಣಂತಿಯ ಮನೆಯವರು ಮಗುವಿಗೆ ಮೂರು ತಿಂಗಳು ಹೊರಗಾಳಿ ತಾಗಿಸದೆ ಕಾಪಾಡಿದ ಹಾಗೆ. 2018ರಲ್ಲಿ ಚೀನಾ ಸರಕಾರ ಸಮುದ್ರ ತುಂಬಿಸಿ ನೆಲ ಮಾಡುವುದಕ್ಕೆ ಬಿಗಿ ತಡೆ ಹಾಕಿತು. 2019ರಲ್ಲಿ ಹಳದಿ ಸಮುದ್ರದ ಕೆಲವು ಕೆಸರು ತೀರಗಳು ವಿಶ್ವಪರಂಪರೆಯ ಪಟ್ಟಿಗೆ ಬಂದವು. ಕೆಸರಿಗೆ ಅಷ್ಟು ದೊಡ್ಡ ಮರ್ಯಾದೆ ಸಿಕ್ಕಿತು!

ಕೋಡಿಕ್ಕರೆಯೂ ಸುಖವಾಗಿಲ್ಲ. ಜೌಗಿನ ಸುತ್ತ ಉಪ್ಪಿನ ಆಗರಗಳು ಹಬ್ಬಿವೆ. ಉಪ್ಪಿನ ಹೆಸರೆತ್ತಿದರೆ ಈ ಊರಿನ ಮಾನವೂ ನೆನಪಾಗುತ್ತದೆ. 1930ರ ಏಪ್ರಿಲ್‌ನಲ್ಲಿ ರಾಜಾಜಿಯವರು ತಿರುಚ್ಚಿಯಿಂದ ನಡೆದುಬಂದು ಉಪ್ಪಿನ ಕಾಯಿದೆ ಮುರಿದದ್ದು ಇದೇ ವೇದಾರಣ್ಯದಲ್ಲಿ. ಆ ಸತ್ಯಾಗ್ರಹದಲ್ಲಿ ರುಕ್ಮಿಣಿ ಲಕ್ಷ್ಮೀಪತಿಯವರು ಸೆರೆಮನೆಗೆ ಹೋದರು. ನಮ್ಮ ಅಂಕೋಲೆಯಲ್ಲೂ ಉಪ್ಪು ಬೆಂದದ್ದು ಅದೇ ತಿಂಗಳು. ಹಾಗೆಂದು ಉಪ್ಪು ಹಕ್ಕಿಗೆ ಶತ್ರು ಎಂದಲ್ಲ. ಆಗರದ ಮೊದಲ ಕಟ್ಟೆಗಳಲ್ಲಿ, ನೀರು ಇನ್ನೂ ತೆಳುವಾಗಿರುವಾಗ, ಹಕ್ಕಿಗಳು ಮೇಯುತ್ತವೆ. ಆದರೆ ಮೇಲಿನಿಂದ ಬರುವ ಸಿಹಿನೀರು ಕಡಿಮೆಯಾಗಿ ಜೌಗೇ ಅತಿಯಾಗಿ ಉಪ್ಪಾದರೆ ಕೆಸರಿನ ಹುಳುಗಳು ಉಳಿಯುವುದಿಲ್ಲ. ಸಾರಿಗೆ ಉಪ್ಪು ಬೇಕು, ಹೆಚ್ಚಾದರೆ ಯಾರು ಉಣ್ಣುತ್ತಾರೆ? ಇನ್ನು ಹುಲ್ಲುಬಯಲಿಗೆ ನಮ್ಮ ಬಯಲುಸೀಮೆಯವರಿಗೆಲ್ಲ ಗೊತ್ತಿರುವ ಬಳ್ಳಾರಿ ಜಾಲಿ ನುಗ್ಗಿದೆ. 2018ರ ನವೆಂಬರ್ 16ರಂದು ಗಜ ಚಂಡಮಾರುತ ಇಲ್ಲೇ ಹತ್ತಿರ ದಡ ಹತ್ತಿದಾಗ ಮರಗಳು ಮುರಿದು ಬಿದ್ದವು, ಕೃಷ್ಣಮೃಗ, ಕುದುರೆಗಳು ಸತ್ತವು. ಕಾಡು ಆಮೇಲೆ ಚಿಗುರಿದ್ದನ್ನು ನಾವು ನೋಡಿದೆವು. ಮುರಿದ ಬೊಡ್ಡೆಗಳೂ ನಡುನಡುವೆ ಹಾಗೇ ನಿಂತಿವೆ.

ನಮ್ಮ ಹತ್ತಿರವೂ ಇದೆ

ಕೋಡಿಕ್ಕರೆ ದೂರವಾಯಿತು ಅನ್ನುವವರು ಕುಮಟೆಯ ಕಡೆ ಹೋಗಿ. ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲೂ ಇಂಥದೇ ಕೆಸರು. ಇಳಿತದ ಹೊತ್ತಿಗೆ ಹೆಂಗಸರು ಸೊಂಟಕ್ಕೆ ಸೆರಗು ಬಿಗಿದು ಬಳಚು ಆರಿಸುತ್ತಿರುತ್ತಾರೆ, ಸ್ವಲ್ಪ ದೂರದಲ್ಲಿ ಹಕ್ಕಿಗಳು ತಮ್ಮ ಪಾಲು ಆರಿಸುತ್ತಿರುತ್ತವೆ. ಅದೇ ಅಳಿವೆಯ ಪಕ್ಕದಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರ, ಕಗ್ಗ ಭತ್ತದ ಗದ್ದೆ. 2024ರಲ್ಲಿ ಈ ಅಳಿವೆಯೂ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿಯ ಕೆಸರನ್ನು ಪಾಳು ಎಂದು ಯಾರಾದರೂ ಆ ಹೆಂಗಸರ ಎದುರು ಹೇಳಿ ನೋಡಲಿ!

ಒಳನಾಡಿನವರಿಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದ್ದೇ ಇದೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿ ಮನೆ ಮುಂದಿನ ಹುಣಿಸೆ ಮರದಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ಊರಿನವರು ಅವುಗಳನ್ನು ನೋಡಿಕೊಳ್ಳುತ್ತಾರೆ.

"ಅಯ್ಯೋ, ಇದೆಲ್ಲ ಓದಿದವರ, ದುಡ್ಡಿದ್ದವರ ಹವ್ಯಾಸ ಕಣ್ರೀ" ಎಂದು ಪಕ್ಕದ ಮನೆಯವರು ನನಗೆ ಹೇಳಿದರು. ಅವರಿಗೆ ನಾನು ಜಮಾಲ್ ಆರಾ ಅವರ ಕಥೆ ಹೇಳಿದೆ. ಬಿಹಾರದ ಈ ಹೆಣ್ಣುಮಗಳು ಓದಿದ್ದು ಹತ್ತನೇ ತರಗತಿಯವರೆಗೆ. 1949ರಿಂದ ಹಕ್ಕಿಗಳ ಮೇಲೆ ಲೇಖನ ಬರೆಯುತ್ತ ಬಂದರು. ನ್ಯಾಷನಲ್ ಬುಕ್ ಟ್ರಸ್ಟ್ ಮಕ್ಕಳಿಗಾಗಿ ಹೊರತಂದ ಅವರ ಹಕ್ಕಿಗಳ ಪುಸ್ತಕವನ್ನು ಎಷ್ಟೋ ಶಾಲೆಗಳಲ್ಲಿ ಓದಿದರು. ನಿಂತು ನೋಡುವ ತಾಳ್ಮೆಗೆ ಶುಲ್ಕ ಯಾರೂ ಕೇಳುವುದಿಲ್ಲ.

ಹೋಗುವುದಾದರೆ ಒಂದೆರಡು ಮಾತು. ಕೋಡಿಕ್ಕರೆಗೆ ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ನವೆಂಬರ್, ಡಿಸೆಂಬರಿನಲ್ಲಿ ಅಲ್ಲಿ ಮಳೆಯೂ ಗಾಳಿಯೂ ಜೋರು, ಹವಾಮಾನದ ಸುದ್ದಿ ಕೇಳಿಯೇ ಹೊರಡಿ. ಜರಿಯ ಸೀರೆ, ಕೆಂಪು ಶಾಲು ಬೇಡ, ಮಾಸಲು ಬಣ್ಣವೇ ಸರಿ. ಬಳೆಗಳ ಸದ್ದೂ ಹಕ್ಕಿಗೆ ಕೇಳುತ್ತದೆ, ನಾನು ಕರವಸ್ತ್ರ ಸುತ್ತಿಕೊಂಡೆ. ಸೂರ್ಯ ಬೆನ್ನಿಗಿರುವಂತೆ ನಿಂತರೆ ಬಣ್ಣ ಚೆನ್ನಾಗಿ ಕಾಣುತ್ತದೆ. ಫೋಟೋ ತೆಗೆಯಲೆಂದು ಹಿಂಡಿನ ಕಡೆಗೆ ಓಡಬೇಡಿ. ಅವು ಹೆದರಿ ಹಾರಿದಾಗಲೆಲ್ಲ ತಿಂದು ಕೂಡಿಟ್ಟ ಶಕ್ತಿ ಸುಮ್ಮನೆ ಖರ್ಚಾಗುತ್ತದೆ, ಮೇಯುವ ಹೊತ್ತೂ ಹೋಗುತ್ತದೆ. ಕುಡಿಯುವ ನೀರು, ಮೊಸರನ್ನ ಕಟ್ಟಿಕೊಂಡು ಹೋಗಿ, ಜೌಗಿನ ಹತ್ತಿರ ಏನೂ ಸಿಗುವುದಿಲ್ಲ.

ನಾವು ಊರಿಗೆ ಬಂದ ಮೇಲೆ ಅತ್ತೆ ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ಹಕ್ಕಿ ಬರೆದಿಡಲು ಶುರುಮಾಡಿದರು. ಮಾರ್ಚ್ ಕೊನೆಯಲ್ಲಿ ಒಂದು ದಿನ, ತಾರಸಿಯ ಮೇಲೆ ಸಂಡಿಗೆ ಕಾಯುವಾಗ ದಿನಾ ಬಂದು ಬಾಲ ಕುಣಿಸುತ್ತಿದ್ದ ಸಿಪಿಲೆ ಕಾಣಿಸಲಿಲ್ಲ ಎಂದು ಬರೆದರು. ಅದೂ ಚಳಿಗಾಲಕ್ಕೆ ಉತ್ತರದಿಂದ ಬರುವ ಅತಿಥಿಯೇ. ಬೇಸಿಗೆ, ಮಳೆಗಾಲ ಕಳೆಯಿತು. ಸೆಪ್ಟೆಂಬರಿನಲ್ಲಿ ಹಾಲಿನವನಿಗೆ ದುಡ್ಡು ಕೊಡಲೆಂದು ಕ್ಯಾಲೆಂಡರ್ ನೋಡಿದರೆ, 19ನೇ ತಾರೀಕಿನ ಚೌಕದಲ್ಲಿ ಅತ್ತೆಯ ಕೈಬರಹ: "ಅರ್ಧ ಲೀಟರ್ ಹೆಚ್ಚು. ಸಿಪಿಲೆ ಬಂತು."